8–9 ವರ್ಷದ ಹುಡುಗಿಯರ ಟೀ ಪಾರ್ಟಿಗೆ ಮನೆಯೊಳಗೆ ಕೂತು ಆಡುವ ಆಟ ಯಾವುದು ಇಟ್ಟುಕೊಳ್ಳಬಹುದು?

ಬನಶಂಕರಿ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಸಂಜೆ 4ರಿಂದ 6ರವರೆಗೆ ಮಗಳ ಗೆಳತಿಯರಿಗೆ ಮನೆಯಲ್ಲೇ ಟೀ ಪಾರ್ಟಿ ಇಟ್ಟುಕೊಂಡಿದ್ದೇವೆ. ಮಗಳೂ ಸೇರಿ ಹತ್ತು ಜನ, ಎಲ್ಲರೂ 8–9 ವರ್ಷದವರು. ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ಹಾಲ್ 12 ಅಡಿಗೆ 14 ಅಡಿ ಇದೆ, ಸೋಫಾ ಗೋಡೆಗೆ ತಳ್ಳಿದರೆ ನೆಲದ ಮೇಲೆ ಎಲ್ಲರೂ ಕೂರಬಹುದು. ಮಳೆ ಯಾವಾಗ ಬರುತ್ತೋ ಗೊತ್ತಿಲ್ಲ, ಹಾಗಾಗಿ ಟೆರೇಸ್ ಲೆಕ್ಕಕ್ಕಿಲ್ಲ. ಕೆಳಗಿನ ಮನೆಯಲ್ಲಿ ವಯಸ್ಸಾದವರಿದ್ದಾರೆ, ಓಡೋದು ಕುಣಿಯೋದು ಬೇಡ. ಟಿವಿ, ಮೊಬೈಲ್ ಕೂಡ ಬೇಡ ಅಂತ ನಿರ್ಧಾರ.

ತಿಂಡಿಗೆ ಖಾರ ಬನ್, ಕೋಡುಬಳೆ, ಸೌತೆಕಾಯಿ ಸ್ಯಾಂಡ್‌ವಿಚ್, ಸಣ್ಣ ಕೇಕ್. ಕುಡಿಯಲು ಹಾಲು ಜಾಸ್ತಿ ಹಾಕಿದ ಏಲಕ್ಕಿ ಟೀ. ಅರ್ಧ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತೆ, ಓದಲು ಬರಲ್ಲ. ಎರಡು ಗಂಟೆಗೆ ಎಷ್ಟು ಆಟ ಬೇಕು, ಯಾವುದು ಮೊದಲು, ಯಾವುದು ಆಮೇಲೆ? ಮ್ಯೂಸಿಕಲ್ ಚೇರ್ ಒಂದು ಮಾತ್ರ ತಲೆಯಲ್ಲಿದೆ.

ಸಂಜೆಮಲ್ಲಿಗೆ ಉತ್ತರ:

ಮ್ಯೂಸಿಕಲ್ ಚೇರ್ ಬಿಟ್ಟುಬಿಡಿ ಮೇಡಂ. ಸದ್ದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಹತ್ತು ಜನರ ಆಟದಲ್ಲಿ ಒಂಬತ್ತು ಸುತ್ತು ಆಗಬೇಕು, ಸುತ್ತಿಗೆ ಒಂದೂವರೆ ನಿಮಿಷ ಅಂದ್ರೂ ಮೊದಲು ಔಟ್ ಆದ ಮಗು ಹನ್ನೆರಡು ನಿಮಿಷ ಗೋಡೆಗೊರಗಿ ಕೂತಿರುತ್ತೆ. ಕೈಗೆ ಕೆಲಸ ಇಲ್ಲದ ಮಗು ತಿಂಡಿ ಟೇಬಲ್ ಕಡೆ ಹೋಗುತ್ತೆ, ಇಲ್ಲ ಒಳಗಿನ ರೂಮಿಗೆ ಹೋಗುತ್ತೆ. ಅಲ್ಲಿಂದ ಪಾರ್ಟಿ ಎರಡು ಭಾಗ ಆಗುತ್ತೆ. ಟೀ ಪಾರ್ಟಿಗೆ ಆಟ ಆರಿಸುವಾಗ ನೋಡಬೇಕಾದ ಮೊದಲ ವಿಷಯವೇ ಇದು: ಯಾರೂ ಔಟ್ ಆಗಬಾರದು.

ಎರಡು ಗಂಟೆಗೆ ಐದು ಆಟ ಸಾಕು. ಆರನೆಯದು ಒಂದು ಕೈಯಲ್ಲಿರಲಿ. ನಾಲ್ಕು ಗಂಟೆ ಅಂದ್ರೆ ನಮ್ಮೂರಿನ ಟ್ರಾಫಿಕ್‌ನಲ್ಲಿ ಕೊನೆಯ ಮಗು ಬರೋದು ನಾಲ್ಕೂಕಾಲು, ನಾಲ್ಕೂವರೆ. ಆದ್ದರಿಂದ ಮೊದಲ ಆಟ ಯಾರು ಯಾವಾಗ ಬಂದರೂ ಸೇರಿಕೊಳ್ಳುವ ಹಾಗಿರಬೇಕು. ಗಾಜಿನ ಬಾಟಲಿಯಲ್ಲಿ ಬಟ್ಟೆ ಗುಂಡಿ ತುಂಬಿ ಬಾಗಿಲ ಹತ್ತಿರ ಇಡಿ. ಬಂದವರು ಬಂದ ಹಾಗೆ ನೋಡಿ, ಎಷ್ಟಿರಬಹುದು ಅಂತ ಚೀಟಿಯಲ್ಲಿ ಬರೆದು ಹೆಸರು ಹಾಕಿ ಡಬ್ಬಿಗೆ ಹಾಕಲಿ. 100ರಿಂದ 150ರೊಳಗೆ ಇರಲಿ, ಕೊನೆಯಲ್ಲಿ ಎಲ್ಲರೂ ಸೇರಿ ಹತ್ತು ಹತ್ತು ಗುಡ್ಡೆ ಮಾಡಿ ಎಣಿಸುವುದೇ ಒಂದು ಆಟವಾಗುತ್ತೆ. ಐನೂರು ತುಂಬಿದರೆ ಎಣಿಸುವಾಗ ಜಗಳ ಶುರು.

ಎಲ್ಲರೂ ಬಂದ ಮೇಲೆ ತಟ್ಟೆ ಆಟ. ದೊಡ್ಡ ತಟ್ಟೆಯಲ್ಲಿ 12 ವಸ್ತು ಜೋಡಿಸಿ: ಟೀ ಸೋಸುವ ಜರಡಿ, ಚಮಚ, ಏಲಕ್ಕಿ, ಕವಡೆ, ರಿಬ್ಬನ್, ಗುಂಡಿ, ಬೀಗದ ಕೈ, ಪೆನ್ಸಿಲ್, ಸೇಫ್ಟಿ ಪಿನ್, ಬಸ್ ಟಿಕೆಟ್, ಹೇರ್ ಕ್ಲಿಪ್, ನಿಂಬೆಹಣ್ಣು. ಒಂದು ನಿಮಿಷ ನೋಡಲು ಬಿಟ್ಟು ಬಟ್ಟೆ ಮುಚ್ಚಿ. ನೆನಪಿದ್ದಷ್ಟು ಬರೆಯಲು ಮೂರು ನಿಮಿಷ. ಈ ವಯಸ್ಸಿಗೆ 12 ಸರಿಯಾದ ಅಳತೆ. 20 ಇಟ್ಟರೆ ಅರ್ಧ ಮಕ್ಕಳು ಏಳೆಂಟು ಬರೆದು ಪೆನ್ಸಿಲ್ ಕೆಳಗಿಡುತ್ತಾರೆ, 8 ಇಟ್ಟರೆ ಎಲ್ಲರಿಗೂ ಎಲ್ಲವೂ ನೆನಪಿರುತ್ತೆ.

ಈ ಆಟ ಕೆಡುವುದು ಮೂರು ಕಡೆ. ಹತ್ತು ತಲೆ ಒಂದೇ ತಟ್ಟೆಯ ಮೇಲೆ ಬಗ್ಗಿದರೆ ಹಿಂದಿದ್ದವರಿಗೆ ಕಾಣಲ್ಲ, ಹಾಗಾಗಿ ತಟ್ಟೆಯನ್ನು ಟೇಬಲ್ ಮೇಲಿಡದೆ ಜಮಖಾನದ ನಡುವೆ ಇಟ್ಟು ಐದೈದು ಜನರನ್ನು ಕರೆಯಿರಿ. ವಸ್ತುಗಳು ಒಂದರ ಮೇಲೊಂದು ಬಿದ್ದಿದ್ದರೆ 'ನಂಗೆ ಕಾಣಿಸಲೇ ಇಲ್ಲ' ಅನ್ನುವ ದೂರು ಬರುತ್ತೆ, ಪ್ರತಿಯೊಂದರ ಸುತ್ತ ಎರಡು ಬೆರಳು ಜಾಗ ಬಿಡಿ. ಮೂರನೆಯದು ಬರವಣಿಗೆ. ನಿಧಾನವಾಗಿ ಬರೆಯುವ ಮಗು ನೆನಪಿದ್ದರೂ ಸೋಲುತ್ತೆ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬಳು ಹೇಳಲಿ, ಒಬ್ಬಳು ಬರೆಯಲಿ ಅಥವಾ ಚಿತ್ರ ಬಿಡಿಸಲಿ. ಯಾವ ಭಾಷೆಯಲ್ಲಿ ಬರೆದರೂ ಸರಿ, ಕಾಗುಣಿತ ನೋಡಬೇಡಿ. ಎರಡನೇ ಸುತ್ತಿಗೆ ಬರೆಯುವುದೇ ಬೇಡ: ಎಲ್ಲರೂ ಕಣ್ಣು ಮುಚ್ಚಲಿ, ನೀವು ಒಂದು ವಸ್ತು ತೆಗೆದು ಉಳಿದದ್ದನ್ನು ಸ್ವಲ್ಪ ಕದಲಿಸಿ, ಏನು ಹೋಯಿತು ಅಂತ ಕೇಳಿ. ಕದಲಿಸದಿದ್ದರೆ ಖಾಲಿ ಜಾಗವೇ ಉತ್ತರ ಹೇಳಿಬಿಡುತ್ತೆ.

ನನ್ನ ಪ್ರಕಾರ ಈ ಪಾರ್ಟಿಗೆ ಹೇಳಿ ಮಾಡಿಸಿದ್ದು ಉಂಗುರದ ಆಟ. ಲಂಗಕ್ಕೆ ಹಾಕುವ ಹತ್ತಿಯ ಲಾಡಿ ಐದು ಮೀಟರ್ ತನ್ನಿ. ಒಂದು ಪರದೆ ರಿಂಗ್, ಮಗುವಿನ ಮುಷ್ಟಿಯೊಳಗೆ ಪೂರ್ತಿ ಮುಚ್ಚಿಹೋಗುವಂಥದ್ದು, ಎರಡು ಸೆಂಟಿಮೀಟರ್ ಇದ್ದರೆ ಸಾಕು. ರಿಂಗನ್ನು ಲಾಡಿಗೆ ಪೋಣಿಸಿ ಎರಡು ತುದಿ ಸೇರಿಸಿ. ಒಂಬತ್ತು ಜನ ಸುತ್ತ ಚಕ್ಕಂಬಟ್ಟಲು ಹಾಕಿ ಕೂತು ಎರಡೂ ಕೈಯಲ್ಲಿ ಲಾಡಿ ಹಿಡಿಯುತ್ತಾರೆ, ಹತ್ತನೆಯವಳು ನಡುವೆ. ಎಲ್ಲರೂ ಕೈಗಳನ್ನು ಒಂದಕ್ಕೊಂದು ತಾಗಿಸಿ ದೂರ ಮಾಡುತ್ತಾ ಇರಬೇಕು, ರಿಂಗ್ ಇದ್ದರೂ ಇಲ್ಲದಿದ್ದರೂ. ರಿಂಗ್ ಮುಷ್ಟಿಯಿಂದ ಮುಷ್ಟಿಗೆ ಜಾರುತ್ತೆ. ನಡುವೆ ಇರುವವಳು ಒಂದು ಮುಷ್ಟಿ ಮುಟ್ಟಿ 'ಇಲ್ಲಿ' ಅನ್ನಬೇಕು. ಸಿಕ್ಕರೆ ಸಿಕ್ಕಿಬಿದ್ದವಳು ನಡುವೆ ಬರುತ್ತಾಳೆ. ಮೂರು ಸಲ ಸಿಗದಿದ್ದರೂ ಜಾಗ ಬದಲಿಸಿ, ಒಬ್ಬಳೇ ತುಂಬಾ ಹೊತ್ತು ಸಿಕ್ಕಿಹಾಕಿಕೊಳ್ಳಬಾರದು.

ಇಲ್ಲಿ ಒಂದೇ ಒಂದು ಸೂಕ್ಷ್ಮ. ತುದಿಗಳನ್ನು ಗಂಟು ಹಾಕಿದರೆ ರಿಂಗ್ ಪ್ರತಿ ಸಲ ಗಂಟಿಗೆ ಬಂದು ತಡೆಯುತ್ತೆ, ಆ ಜಾಗದಲ್ಲಿ ಕೂತ ಮಗು ಎಳೆದಾಡುತ್ತೆ, ನಡುವಿನವಳಿಗೆ ತಕ್ಷಣ ಗೊತ್ತಾಗುತ್ತೆ. ತುದಿಗಳನ್ನು ಎರಡು ಸೆಂಟಿಮೀಟರ್ ಒಂದರ ಮೇಲೊಂದು ಇಟ್ಟು ಸೂಜಿ ದಾರದಿಂದ ಚಪ್ಪಟೆಯಾಗಿ ಹೊಲಿಯಿರಿ. ಮಕ್ಕಳು ಕೂತ ಮೇಲೆ ಲಾಡಿ ಜೋತುಬಿದ್ದರೆ ಸುತ್ತು ದೊಡ್ಡದು ಮಾಡಿ, ಬಿಗಿಯಾಗಿರಬೇಕು. ನೈಲಾನ್ ಹಗ್ಗ ಬೇಡ, ಜೋರಾಗಿ ಎಳೆದರೆ ಅಂಗೈ ಉರಿಯುತ್ತೆ. ಗಾಜಿನ ಬಳೆಯಂತೂ ಬೇಡವೇ ಬೇಡ.

ಕವಡೆಗಣ್ಣು ಉತ್ತರ:

ಟೀ ಪಾರ್ಟಿ ಅಂದ ತಕ್ಷಣ ಹೊರಗಿನ ಆಟವೇ ಆಗಬೇಕಾಗಿಲ್ಲ. ನೆಲದ ಮೇಲೆ ಕೂತು ಆಡುವುದರಲ್ಲಿ ಚೌಕಾಬಾರಕ್ಕೆ ಸಮ ಯಾವುದೂ ಇಲ್ಲ. ಆದರೆ ಪೂರ್ತಿ ನಿಯಮದಲ್ಲಿ ಆಡಿದರೆ ಮುಕ್ಕಾಲು ಗಂಟೆ ಮೀರುತ್ತೆ, ಅದನ್ನು ಮೊಟಕು ಮಾಡಿಕೊಳ್ಳಬೇಕು.

ಹತ್ತು ಜನಕ್ಕೆ ಎರಡು ಮನೆ ಬರೆಯಿರಿ. ಚಾರ್ಟ್ ಹಾಳೆಯಲ್ಲಿ ಐದಕ್ಕೆ ಐದು, 25 ಚೌಕ. ಒಂದೊಂದು ಚೌಕ ಮೂರು ಇಂಚಿಗೆ ಕಡಿಮೆ ಬೇಡ, ಚಿಕ್ಕದಾದರೆ ಕಾಯಿಗಳು ಒಂದರ ಮೇಲೊಂದು ಹತ್ತಿ ಯಾರದು ಎಲ್ಲಿದೆ ಅಂತ ಗೊತ್ತಾಗಲ್ಲ. ನಾಲ್ಕು ಬದಿಯ ನಡುವಿನ ಚೌಕಕ್ಕೂ ಮಧ್ಯದ ಚೌಕಕ್ಕೂ ಅಡ್ಡಗೆರೆ ಹಾಕಿ ಕಟ್ಟೆ ಮಾಡಿ, ಅಲ್ಲಿರುವ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಒಂದು ಮನೆಗೆ ಐದು ಜನ: ಮೂರು ಬದಿಗೆ ಒಬ್ಬೊಬ್ಬರು, ನಾಲ್ಕನೇ ಬದಿಗೆ ಇಬ್ಬರ ಜೋಡಿ, ಒಬ್ಬಳು ಕವಡೆ ಹಾಕಿದರೆ ಇನ್ನೊಬ್ಬಳು ಕಾಯಿ ನಡೆಸಲಿ. ಹೊಸದಾಗಿ ಕಲಿಯುವವಳನ್ನು ಆ ಜೋಡಿಗೆ ಹಾಕಿ.

ನಾಲ್ಕು ಕವಡೆ. ಬಾಯಿ ಮೇಲಾಗಿ ಬಿದ್ದವನ್ನು ಎಣಿಸುವುದು: ಒಂದಕ್ಕೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕೂ ಬಿದ್ದರೆ ಚೌಕ, ಅಂದರೆ ನಾಲ್ಕು, ಒಂದೂ ಇಲ್ಲದಿದ್ದರೆ ಬಾರ, ಅಂದರೆ ಎಂಟು. ಚೌಕ, ಬಾರ ಬಿದ್ದರೆ ಇನ್ನೊಂದು ಸಲ ಹಾಕಬಹುದು. ಕಾಯಿ ತನ್ನ ಕಟ್ಟೆಯಿಂದ ಹೊರಟು ಹೊರಗಿನ 16 ಚೌಕ ಸುತ್ತಿ, ಒಳಗಿನ 8 ಚೌಕವನ್ನು ಎದುರು ದಿಕ್ಕಿನಲ್ಲಿ ಸುತ್ತಿ, ಮಧ್ಯಕ್ಕೆ ಬಂದರೆ ಹಣ್ಣು. ನಾಲ್ಕು ಕಾಯಿಯ ಬದಲು ತಲಾ ಎರಡೇ ಕೊಡಿ. 'ಒಬ್ಬರ ಕಾಯಿ ಹೊಡೆಯದೆ ಒಳಗೆ ಹೋಗುವಂತಿಲ್ಲ' ಅನ್ನುವ ನಿಯಮ ತೆಗೆದುಬಿಡಿ, ಅದು ಇದ್ದರೆ ಒಂದು ಮಗು ಹೊರಗೇ ಸುತ್ತುತ್ತಾ ಇರುತ್ತೆ. ಹೀಗೆ ಮಾಡಿದರೆ ಅರ್ಧ ಗಂಟೆಯೊಳಗೆ ಮುಗಿಯುತ್ತೆ. ದಿಕ್ಕಿಗೆ ಮೊದಲೇ ಬಾಣದ ಗುರುತು ಬರೆದಿಡಿ, ಒಳಸುತ್ತಿಗೆ ತಿರುಗುವಾಗಲೇ ಎಲ್ಲರೂ ತಪ್ಪುವುದು.

ಕವಡೆ ಗಾಂಧಿ ಬಜಾರ್, ಮಲ್ಲೇಶ್ವರದ ಗ್ರಂದಿಗೆ ಅಂಗಡಿಗಳಲ್ಲಿ ಸಿಗುತ್ತೆ. ನಾಲ್ಕೂ ಒಂದೇ ಗಾತ್ರದವು ಆರಿಸಿ. ಬೆನ್ನು ತುಂಬಾ ಉಬ್ಬಿದ ಕವಡೆ ಪಕ್ಕಕ್ಕೆ ವಾಲಿ ನಿಲ್ಲುತ್ತೆ, ಬಾಯಿ ಮೇಲೋ ಕೆಳಗೋ ಅಂತ ವಾದ ಆಗುತ್ತೆ. ಜಮಖಾನದ ಮೇಲೆ ಹಾಕಿದರೂ ಅದೇ ಸಮಸ್ಯೆ, ಗಟ್ಟಿ ರಟ್ಟಿನ ನೋಟ್‌ಬುಕ್ ಮೇಲೆ ಹಾಕಿಸಿ. ಕವಡೆ ಸಿಗದಿದ್ದರೆ ಹುಣಸೆ ಬೀಜದ ಒಂದು ಕಡೆಯನ್ನು ಒರಟು ಕಲ್ಲಿನ ಮೇಲೆ ಬಿಳಿ ಕಾಣುವವರೆಗೆ ಉಜ್ಜಿ, ಬಿಳಿ ಬದಿಯನ್ನು ಬಾಯಿ ಅಂತ ಎಣಿಸಿ.

ಅಳಗುಳಿಮಣೆ ಮನೆಯಲ್ಲಿದ್ದರೆ ಬೇಗ ಬಂದ ಇಬ್ಬರಿಗೆ ಮುಂದಿಡಿ. ಇಬ್ಬರ ಆಟವಾದ್ದರಿಂದ ಇಡೀ ಗುಂಪಿಗೆ ಆಗಲ್ಲ. ಒಂದು ಎಚ್ಚರಿಕೆ: ಹಳೆಯ ಮಣೆಯ ಜೊತೆ ಕೆಲವು ಮನೆಗಳಲ್ಲಿ ಗುಲಗಂಜಿ ಇರುತ್ತೆ, ಕೆಂಪು ಮೈಗೆ ಕಪ್ಪು ಚುಕ್ಕೆ. ಅದು ವಿಷದ ಬೀಜ, ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ತಿಂಡಿ ಇರುವ ಕಡೆ ಅದನ್ನು ತರಲೇಬೇಡಿ, ಹುಣಸೆ ಬೀಜ ಬಳಸಿ. ಗುಳಿಗೆ ಐದರಂತೆ 14 ಗುಳಿಗೆ 70 ಬೀಜ.

ಸಾಂಬಾರ ಡಬ್ಬಿ ಉತ್ತರ:

ಟೀ ಪಾರ್ಟಿಗೆ ವಾಸನೆ ಆಟ ಸೇರಿಸಿಕೊಳ್ಳಿ, ಟೀ ಬರುವ ಹತ್ತು ನಿಮಿಷ ಮುಂಚೆ. ಎಂಟು ಸಣ್ಣ ಸ್ಟೀಲ್ ಬಟ್ಟಲು, ಒಂದೊಂದರಲ್ಲಿ ಅರ್ಧ ಚಮಚ: ಏಲಕ್ಕಿ, ಲವಂಗ, ಚಕ್ಕೆ, ಸೋಂಪು, ಹಸಿ ಶುಂಠಿ, ಕಾಫಿ ಪುಡಿ, ನಿಂಬೆ ಸಿಪ್ಪೆ, ಟೀ ಸೊಪ್ಪು. ಮೇಲೆ ತೆಳು ಮಲ್ ಬಟ್ಟೆಯನ್ನು ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಒಂದೇ ಮಡಿಕೆ ಇದ್ದರೆ ಬೆಳಕಿಗೆ ಹಿಡಿದು ನೋಡಿಬಿಡುತ್ತಾರೆ. ಬಟ್ಟಲ ತಳಕ್ಕೆ ನಂಬರ್ ಅಂಟಿಸಿ.

ಏಲಕ್ಕಿ, ಲವಂಗ, ಚಕ್ಕೆ ಇಡಿಯಾಗಿ ಹಾಕಿದರೆ ಏನೂ ಗೊತ್ತಾಗಲ್ಲ, ಹತ್ತು ನಿಮಿಷ ಮುಂಚೆ ಜಜ್ಜಬೇಕು. ಹಿಂದಿನ ದಿನವೇ ಜಜ್ಜಿಟ್ಟರೆ ಘಮ ಇಳಿದಿರುತ್ತೆ. ಮೆಣಸಿನ ಪುಡಿ, ಕಾಳುಮೆಣಸಿನ ಪುಡಿ ತಮಾಷೆಗೂ ಬೇಡ, ಮಕ್ಕಳು ಜೋರಾಗಿ ಎಳೆದುಕೊಳ್ಳುತ್ತಾರೆ, ಮೂಗು ಕಣ್ಣು ಉರಿಯುತ್ತೆ. ಇಂಗು ಇಡಬೇಕೆನಿಸಿದರೆ ಉಳಿದದ್ದೆಲ್ಲಾ ಮುಗಿದ ಮೇಲೆ ಕೊನೆಯ ಬಟ್ಟಲಾಗಿ ಕೊಡಿ, ಅದರ ನಂತರ ಬೇರೆ ಯಾವುದೂ ಮೂಗಿಗೆ ಹತ್ತಲ್ಲ. ಎಂಟು ಬಟ್ಟಲನ್ನೂ ಒಟ್ಟಿಗೆ ಬೇರೆ ಬೇರೆ ಜಾಗದಿಂದ ಶುರುಮಾಡಿ ಬಲಕ್ಕೆ ದಾಟಿಸಿದರೆ ಏಳೆಂಟು ನಿಮಿಷದಲ್ಲಿ ಎಲ್ಲರ ಕೈಗೂ ಬಂದಿರುತ್ತೆ. ಒಂದೊಂದಾಗಿ ಕೊಟ್ಟರೆ ಕಾಯುವುದೇ ಹೆಚ್ಚು. ನಡುನಡುವೆ ತಮ್ಮ ತೋಳಿನ ಬಟ್ಟೆ ಮೂಸಲು ಹೇಳಿ, ಮೂಗು ಸುಧಾರಿಸಿಕೊಳ್ಳುತ್ತೆ. ಹೆಸರು ಗೊತ್ತಿಲ್ಲದವರು 'ಪಲಾವಿನಲ್ಲಿ ಇರುತ್ತಲ್ಲ, ಅದು' ಅಂದರೂ ಪೂರ್ತಿ ಅಂಕ ಕೊಡಿ.

ಇದನ್ನು ರುಚಿ ನೋಡುವ ಆಟವಾಗಿ ಮಾಡಲೇಬೇಡಿ. ಯಾರಿಗೆ ಯಾವುದು ಒಗ್ಗಲ್ಲ ಅಂತ ತಾಯಂದಿರಿಗೆ ಮೊದಲೇ ಮೆಸೇಜ್ ಮಾಡಿ ಕೇಳಿಕೊಳ್ಳಿ, ಮುಖ್ಯವಾಗಿ ಕಡಲೆಕಾಯಿ, ಗೋಡಂಬಿ, ಹಾಲು.

ಪದಬಂಡಿ ಉತ್ತರ:

ಟೀ ಕುಡಿಯುವಾಗ ಕೈಗೆ ಕೆಲಸ ಕೊಡುವ ಆಟ ಬೇಡ, ಬಾಯಿ ಆಟ ಇರಲಿ. ಬೆಂಗಳೂರಿನ ಮಕ್ಕಳಿಗೆ ಪರಿಷೆ ಆಟ ಚೆನ್ನಾಗಿ ಹೊಂದುತ್ತೆ. ಮೊದಲನೆಯವಳು 'ಪರಿಷೆಗೆ ಹೋದೆ, ಕಡಲೆಕಾಯಿ ತಂದೆ' ಅನ್ನಬೇಕು. ಎರಡನೆಯವಳು 'ಪರಿಷೆಗೆ ಹೋದೆ, ಕಡಲೆಕಾಯಿ ತಂದೆ, ಬಲೂನು ತಂದೆ.' ಹೀಗೆ ಪಟ್ಟಿ ಬೆಳೆಯುತ್ತಾ ಹೋಗುತ್ತೆ. ಕಡಲೆಕಾಯಿ ಪರಿಷೆ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ, ನಿಮ್ಮ ಕಡೆಯ ಮಕ್ಕಳಲ್ಲಿ ತುಂಬಾ ಜನ ನೋಡಿರುತ್ತಾರೆ, ಪದ ಹುಡುಕಬೇಕಾಗಲ್ಲ. ಪ್ರತಿ ವಸ್ತುವಿಗೆ ಒಂದು ಕೈಸನ್ನೆಯೂ ಇರಲಿ: ಕಡಲೆಕಾಯಿಗೆ ಸಿಪ್ಪೆ ಒಡೆಯುವುದು, ಬಲೂನಿಗೆ ಕೆನ್ನೆ ಉಬ್ಬಿಸುವುದು. ಎಂಟು ಹತ್ತು ಪದ ದಾಟಿದ ಮೇಲೆ ಮರೆವು ಶುರುವಾಗುತ್ತೆ. ಆಗ ಔಟ್ ಮಾಡದೆ, ಉಳಿದವರು ಬಾಯಿ ಬಿಡದೆ ಬರೀ ಸನ್ನೆಯಿಂದ ನೆನಪು ಮಾಡಿಕೊಡಬೇಕು ಅನ್ನುವ ನಿಯಮ ಹಾಕಿ. ಆಟದ ಸೊಗಸೆಲ್ಲಾ ಅಲ್ಲೇ ಇದೆ, ಒಂದು ಮಗು ಮರೆತಾಗ ಒಂಬತ್ತು ಜನ ಕೆನ್ನೆ ಉಬ್ಬಿಸಿಕೊಂಡು ಕೂತಿರುತ್ತಾರೆ. ಸನ್ನೆ ಮಾಡುವವರು ಲೋಟ ಕೆಳಗಿಟ್ಟಿರಬೇಕು.

ಕಿವಿಯಿಂದ ಕಿವಿಗೆ ಪಿಸುಮಾತಿನಲ್ಲಿ ವಾಕ್ಯ ದಾಟಿಸುವ ಕಿವಿಮಾತು ಆಟಕ್ಕೆ ಹತ್ತು ಜನರ ಒಂದೇ ಸಾಲು ಉದ್ದವಾಯಿತು. ಐದೈದರ ಎರಡು ಸಾಲು ಮಾಡಿ, ಎರಡಕ್ಕೂ ಒಂದೇ ವಾಕ್ಯ ಹೇಳಿ, ಕೊನೆಯಲ್ಲಿ ಹೋಲಿಸಿ. ಆರೇಳು ಪದದ ವಾಕ್ಯ ಸಾಕು: 'ಮಲ್ಲೇಶ್ವರದ ಅಜ್ಜಿ ಮಂಗಳವಾರ ಮೂರು ಮೊಳ ಮಲ್ಲಿಗೆ ತಂದರು.' ಒಂದೇ ಅಕ್ಷರದಿಂದ ಶುರುವಾಗುವ ಪದಗಳು ಬೇಗ ಕಲಸಿಹೋಗುತ್ತವೆ. ತೀರಾ ಚಿಕ್ಕ ವಾಕ್ಯವಾದರೆ ಹಾಗೇ ತಲುಪಿಬಿಡುತ್ತೆ, ನಗು ಬರಲ್ಲ. ಒಂದೇ ಸಲ ಹೇಳಬೇಕು ಅನ್ನುವುದನ್ನು ಕಟ್ಟುನಿಟ್ಟು ಮಾಡಿ.

ರಾಜ ರಾಣಿ ಚೀಟಿ ಆಟ ಐವರ ಎರಡು ಗುಂಪಿಗೆ ಸರಿಯಾಗಿ ಕೂರುತ್ತೆ. ರಾಜ 1000, ರಾಣಿ 900, ಮಂತ್ರಿ 800, ಪೊಲೀಸ್ 500, ಕಳ್ಳ 0. ಕನ್ನಡ ಓದಲು ಬಾರದವರಿಗಾಗಿ ಚಿತ್ರ ಬರೆಯಿರಿ: ಕಿರೀಟ, ಮೂಗುತಿ, ಪೇಟ, ಲಾಠಿ, ಮುಖವಾಡ. ರಾಜ 'ಪೊಲೀಸ್ ಯಾರು?' ಅಂತ ಕೇಳಿದಾಗ ಪೊಲೀಸ್ ಚೀಟಿ ತೋರಿಸಿ, ಉಳಿದ ಮೂವರಲ್ಲಿ ಕಳ್ಳನನ್ನು ಹೇಳಬೇಕು. ತಪ್ಪಿದರೆ 500 ಕಳ್ಳನಿಗೆ. ನೋಟ್‌ಬುಕ್ ಹಾಳೆಗೆ ಸ್ಕೆಚ್ ಪೆನ್ ಹಾಕಿದರೆ ಹಿಂದಿನಿಂದ ಕಾಣುತ್ತೆ, ಹಳೆಯ ಮದುವೆ ಪತ್ರಿಕೆಯಂಥ ದಪ್ಪ ಕಾಗದ ಕತ್ತರಿಸಿ. ಐದಾರು ಸುತ್ತು ಆದ ಮೇಲೆ ಕಳ್ಳನ ಚೀಟಿಯ ಮಡಿಕೆ ಎಲ್ಲರಿಗೂ ಗುರುತು ಸಿಕ್ಕಿರುತ್ತೆ, ಇನ್ನೊಂದು ಜೊತೆ ಮಾಡಿಟ್ಟುಕೊಂಡಿರಿ.

ಹೊರಡುವ ಹೊತ್ತಿಗೆ, ತಂದೆತಾಯಿ ಬರುವವರೆಗೆ, ಒಗಟು. 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಅಂದರೆ ಮಲ್ಲಿಗೆ. ಉತ್ತರ ಗೊತ್ತಾದವರು ಕೂಗದೆ ಮೂಗು ಮುಟ್ಟಿಕೊಳ್ಳಲಿ, ಉಳಿದವರಿಗೂ ಯೋಚಿಸಲು ಸಮಯ ಸಿಗುತ್ತೆ.

ಬನಶಂಕರಿ ಅಮ್ಮ:

ತುಂಬಾ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ತಟ್ಟೆ, ಉಂಗುರ, ವಾಸನೆ, ಟೀ ಜೊತೆ ಪರಿಷೆ, ಆಮೇಲೆ ಚೌಕಾಬಾರ ಅಂತ ಅಂದುಕೊಂಡಿದ್ದೇನೆ. ಎರಡು ಅನುಮಾನ. ಬಹುಮಾನ ಕೊಡಬೇಕಾ? ಯಾರಾದರೂ ಆಡಲ್ಲ ಅಂದ್ರೆ ಏನು ಮಾಡೋದು?

ಕವಡೆಗಣ್ಣು:

ಗೆದ್ದವರಿಗೆ ಚಿಕ್ಕದಾದರೂ ಏನಾದರೂ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಒಂಬತ್ತು ವರ್ಷದವರಿಗೆ ಗೆಲುವು ಸೋಲು ಅರ್ಥವಾಗುತ್ತೆ. ಚೌಕಾಬಾರದಲ್ಲಿ ಮೊದಲು ಹಣ್ಣಾದವಳಿಗೆ ಒಂದು ಚನ್ನಪಟ್ಟಣದ ಬುಗುರಿ ಕೊಟ್ಟರೆ ಖುಷಿಯಾಗುತ್ತಾಳೆ.

ಸಂಜೆಮಲ್ಲಿಗೆ:

ನಾನು ಒಪ್ಪಲ್ಲ. ಹತ್ತರಲ್ಲಿ ಒಬ್ಬಳ ಕೈಯಲ್ಲಿ ಬುಗುರಿ ಇದ್ದರೆ ಉಳಿದ ಒಂಬತ್ತು ಜನರ ಕಣ್ಣು ಅದರ ಮೇಲೇ, ಮುಂದಿನ ಆಟ ಕೆಡುತ್ತೆ. ಬುಗುರಿ ಕೊಡುವುದಾದರೆ ಹತ್ತು ತಂದು ಹೊರಡುವಾಗ ಎಲ್ಲರಿಗೂ ಕೊಡಿ. ಗೆದ್ದವಳಿಗೆ ಬೇರೆ ಮರ್ಯಾದೆ ಇರಲಿ: ಬಣ್ಣ ಆರಿಸುವ ಮೊದಲ ಅವಕಾಶ ಅವಳದು, ಕೇಕ್ ಹಂಚುವ ಕೆಲಸ ಅವಳದು.

ಆಡಲ್ಲ ಅನ್ನುವ ಮಗುವನ್ನು ಬಲವಂತ ಮಾಡಬೇಡಿ, ಆದರೆ ಸುಮ್ಮನೆ ಕೂರಿಸಲೂ ಬೇಡಿ. ತಟ್ಟೆಯಿಂದ ವಸ್ತು ತೆಗೆಯುವವಳು ಅವಳೇ ಆಗಲಿ, ಚೀಟಿ ಆಟದಲ್ಲಿ ಅಂಕ ಬರೆಯಲಿ. ಒಂದು ಸುತ್ತು ಆದ ಮೇಲೆ ಮತ್ತೆ ಕೇಳಿ, ಹೆಚ್ಚಿನವರು ಸೇರಿಕೊಳ್ಳುತ್ತಾರೆ. ಇನ್ನೊಂದು, ಕೋಡುಬಳೆ ತಿಂದ ಎಣ್ಣೆ ಕೈಯಲ್ಲಿ ಕವಡೆ ಜಾರುತ್ತೆ, ಚಾರ್ಟ್ ಹಾಳೆಯೂ ಹಾಳಾಗುತ್ತೆ. ಚೌಕಾಬಾರಕ್ಕೆ ಕೂರುವ ಮುಂಚೆ ಎಲ್ಲರೂ ಸೋಪು ಹಾಕಿ ಕೈ ತೊಳೆದು ಬರಲಿ. ಒಂದೇ ಸಿಂಕ್‌ನಲ್ಲಿ ಹತ್ತು ಜನ ಅಂದ್ರೆ ಹತ್ತು ನಿಮಿಷ ಬೇಕು, ಆ ಹೊತ್ತನ್ನು ನಿಮ್ಮ ಎರಡು ಗಂಟೆಯೊಳಗೇ ಲೆಕ್ಕ ಹಾಕಿಕೊಳ್ಳಿ.

ಸಾಂಬಾರ ಡಬ್ಬಿ:

ಟೀ ಬಗ್ಗೆಯೂ ಒಂದು ಮಾತು. ನೆಲದ ಮೇಲೆ ಕೂರುವುದಾದರೆ ಪಿಂಗಾಣಿ ಕಪ್ಪು ಸಾಸರ್ ಚೆಂದ ಕಂಡರೂ ಜಮಖಾನದ ಮೇಲೆ ನೆಟ್ಟಗೆ ನಿಲ್ಲಲ್ಲ. ಇಬ್ಬರಿಗೊಂದು ಗಟ್ಟಿ ಟ್ರೇ ಇಟ್ಟು ಅದರ ಮೇಲೆ ಕಪ್ ಇಡಿ, ಅರ್ಧ ಮಾತ್ರ ತುಂಬಿಸಿ, ಬೇಕಾದವರು ಇನ್ನೊಂದು ಸಲ ಕೇಳುತ್ತಾರೆ. ಟೀ ಕೈಗೆ ಕೊಡುವ ಮುಂಚೆ ಉಗುರು ಬೆಚ್ಚಗೆ ಆಗುವವರೆಗೆ ಆರಿಸಿ. ಒಂದು ಲೀಟರ್ ಹಾಲಿಗೆ ಮೂರು ಚಮಚ ಟೀ ಪುಡಿ ಮಕ್ಕಳಿಗೆ ಧಾರಾಳ. ಟೀ ಬೇಡ ಅನ್ನುವವರಿಗೆ ಅದೇ ಏಲಕ್ಕಿ ಹಾಕಿದ ಹಾಲು ಬೇರೆ ತೆಗೆದಿಡಿ, ಪುಡಿ ಹಾಕುವ ಮುಂಚೆಯೇ.